ಜಾವಾ ಸರ್ವರುಗಳಿಗೆ ತಂತ್ರಾಂಶ ಕಟ್ಟುವ ತರುಣ ಮಿತ್ರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮಿತ್ರರೇ,

ಟಾಮ್‌ಕ್ಯಾಟ್, ಜೆಬಾಸ್, ವೆಬ್‌ಲಾಜಿಕ್, ವೆಬ್‌ಸ್ಫಿಯರ್ ಮೊದಲಾದ ಸರ್ವರುಗಳ ಮೇಲೆ ಓಡತಕ್ಕ ಅಪ್ಲಿಕೇಶನ್ನುಗಳನ್ನು ರಚಿಸಿ, ಕಟ್ಟಿ, ಕಟ್ಟಿದ್ದನ್ನು ಪ್ರೊಡಕ್ಷನ್ನಿಗೆ ಒಯ್ದು ನಿಲ್ಲಿಸುವ ಕಾಯಕದಲ್ಲಿ ಹಗಲಿರುಳೆನ್ನದೆ ತೊಡಗಿರುವ ನಿಮಗೆ, ಅದೇ ಕಾಯಕದಲ್ಲಿ ತಲೆ ನರೆತ ಒಬ್ಬ ಸಹೋದ್ಯೋಗಿಯ ವಂದನೆಗಳು. ನಾನು ಇಂದು ಬಿನ್ನವಿಸಿಕೊಳ್ಳಹೊರಟಿರುವ ವಿಷಯ ಹೊರನೋಟಕ್ಕೆ ತೀರ ಸಣ್ಣದು. ಗೂಢಲಿಪೀಕರಣ, ಡಿಜಿಟಲ್ ಸಹಿ, ಸರ್ಟಿಫಿಕೇಟುಗಳ ಪರಿಶೀಲನೆ ಮುಂತಾದ ಕಾರ್ಯಗಳಿಗೆಂದು ನಾವು ನಮ್ಮ ಅಪ್ಲಿಕೇಶನ್ನಿನ ಜೊತೆಯಲ್ಲಿಯೇ ಕಟ್ಟಿ ಕಳುಹಿಸುವ ಭದ್ರತಾ ಲೈಬ್ರರಿಯು ಸರ್ವರಿನೊಳಗೆ ಲೋಡ್ ಆಗದೆ ಹೋಗುವುದು, ಅಥವಾ ಲೋಡ್ ಆಗಿಯೂ ಆಗದಂತೆ ವರ್ತಿಸುವುದು, ಇದೇ ಆ ವಿಷಯ. ಇದರಿಂದ ನಿದ್ರೆಗೆಟ್ಟವರು ನಿಮ್ಮಲ್ಲಿ ಅನೇಕರಿದ್ದಾರೆಂದು ನಾನು ಬಲ್ಲೆ. ಕಾರಣವನ್ನು ತಿಳಿಯದೆಯೇ ಲಾಗಿನ ಸಾಲನ್ನು ಹುಡುಕಿ, ಯಾರೋ ಎಲ್ಲಿಯೋ ಸೂಚಿಸಿದ ಒಂದು ಸೆಟ್ಟಿಂಗನ್ನು ತಂದು ಅಂಟಿಸಿ, ತಪ್ಪು ಕಣ್ಮರೆಯಾದೊಡನೆ ಮನೆಗೆ ಹೊರಟವರು ಅದಕ್ಕಿಂತಲೂ ಹೆಚ್ಚು ಮಂದಿ ಇದ್ದಾರೆಂಬುದನ್ನೂ ಬಲ್ಲೆ. ಈ ಪತ್ರವು ಮುಖ್ಯವಾಗಿ ಆ ಎರಡನೆಯ ಬಗೆಯವರನ್ನು ಉದ್ದೇಶಿಸಿದ್ದು.

ಹೇಳಬೇಕಾದುದನ್ನು ಮೊದಲಿಗೇ ಹೇಳಿಬಿಡುತ್ತೇನೆ. ನಮ್ಮ ಯೋಜನೆಯ ಉಳಿದ ಲೈಬ್ರರಿಗಳು ಆಯಾ ಅಪ್ಲಿಕೇಶನ್ನಿನ ಸ್ವಂತ ಸಾಮಗ್ರಿ; ಅವು ಎಷ್ಟು ಹಳೆಯವಾಗಿದ್ದರೂ, ಎಷ್ಟು ಕೆಟ್ಟವಾಗಿದ್ದರೂ ಅದರ ಫಲವನ್ನು ಅನುಭವಿಸುವುದು ಆ ಅಪ್ಲಿಕೇಶನ್ ಒಂದೇ. ಭದ್ರತಾ ಲೈಬ್ರರಿಯೊಳಗಿನ ಪ್ರೊವೈಡರಾದರೋ, ನೋಂದಣಿಯಾದ ಕ್ಷಣದಿಂದ, ಇಡೀ ಜೆವಿಎಂನ ಸಾಮಗ್ರಿಯಾಗಿಬಿಡುತ್ತದೆ. ಆದುದರಿಂದ ಅದನ್ನು ಎಲ್ಲಿ ಇರಿಸಬೇಕು, ಯಾರು ಇರಿಸಬೇಕು, ಯಾವ ಆವೃತ್ತಿಯದನ್ನು ಇರಿಸಬೇಕು ಎಂಬ ನಿರ್ಣಯವನ್ನು ಮೇವೆನ್ನಿನ ಮರ್ಜಿಗೆ ಬಿಟ್ಟುಕೊಡದೆ, ಯಾರಾದರೊಬ್ಬರು ಕುಳಿತು ಯೋಚಿಸಿ, ನಿಶ್ಚಯಿಸಿ, ಬರೆದಿಡತಕ್ಕದ್ದು. ಈ ಪತ್ರದ ಉಳಿದ ಭಾಗವೆಲ್ಲ ಈ ಒಂದು ಮಾತಿನ ಸಮರ್ಥನೆ.

ಸಾರ್ವಜನಿಕರಿಗೆ ಪ್ರಮಾಣಪತ್ರಗಳನ್ನು ಕೊಡುವ ಒಂದು ಕಚೇರಿಯಲ್ಲಿ, ಕೆಲವು ವರ್ಷಗಳ ಹಿಂದೆ, ಸಲಹೆಗೆಂದು ಕರೆಸಿಕೊಂಡಿದ್ದಾಗ ನಾನು ಕಂಡುದನ್ನು ಇಲ್ಲಿ ನಿವೇದಿಸುತ್ತೇನೆ. ಅಲ್ಲಿ ಒಂದೇ ಟಾಮ್‌ಕ್ಯಾಟಿನ ಮೇಲೆ ಎರಡು ಅಪ್ಲಿಕೇಶನ್ನುಗಳಿದ್ದುವು: ಒಂದು ಪ್ರಮಾಣಪತ್ರಗಳಿಗೆ ಡಿಜಿಟಲ್ ಸಹಿ ಹಾಕುವುದು, ಇನ್ನೊಂದು ಶುಲ್ಕದ ರಶೀದಿಯನ್ನು ಪಿಡಿಎಫ್ ರೂಪದಲ್ಲಿ ಸಿದ್ಧಪಡಿಸುವುದು. ಎರಡನ್ನೂ ಬೇರೆಬೇರೆ ತಂಡಗಳವರು ಬರೆದಿದ್ದರು; ಒಬ್ಬರು ಇನ್ನೊಬ್ಬರ ಮುಖ ಕಂಡವರಲ್ಲ. ರಶೀದಿಯ ಅಪ್ಲಿಕೇಶನ್ನಿನಲ್ಲಿ ಏನಾದರೊಂದು ಸಣ್ಣ ತಿದ್ದುಪಡಿಯಾಗಿ, ಸರ್ವರನ್ನು ನಿಲ್ಲಿಸದೆ ಅದೊಂದನ್ನೇ ಮರುಡಿಪ್ಲಾಯ್ ಮಾಡಿದ ದಿನಗಳಲ್ಲೆಲ್ಲ, ಸ್ವಲ್ಪ ಹೊತ್ತಿನಲ್ಲಿಯೇ ಸಹಿಯ ಅಪ್ಲಿಕೇಶನ್ ಮುಗ್ಗರಿಸುತ್ತಿತ್ತು. ಅದೂ ಪೂರ್ಣವಾಗಿ ಅಲ್ಲ: ಬೆಳಗಿನಿಂದ ನಡೆದುಬಂದಿದ್ದ ಒಂದು ಬಗೆಯ ಪ್ರಮಾಣಪತ್ರಕ್ಕೆ ಸಹಿ ಬೀಳುತ್ತಲೇ ಇತ್ತು, ಆ ದಿನ ಮೊದಲ ಬಾರಿಗೆ ಕೇಳಲ್ಪಟ್ಟ ಇನ್ನೊಂದು ಬಗೆಯದಕ್ಕೆ ಮಾತ್ರ ಬೀಳುತ್ತಿರಲಿಲ್ಲ. ಲಾಗಿನಲ್ಲಿ ಕಾಣುತ್ತಿದ್ದ ಸಾಲಿನ ತಾತ್ಪರ್ಯವಿಷ್ಟು: ‘ಬಿ.ಸಿ.’ ಎಂಬ ಪ್ರೊವೈಡರಿನಲ್ಲಿ ಸಿಗ್ನೇಚರಿಗೆಂದು ನಮೂದಾಗಿರುವ ಕ್ಲಾಸ್ ಸಿಗುತ್ತಿಲ್ಲ. ಸಿಗದೆ ಎಲ್ಲಿಗೆ ಹೋಯಿತು? ಅದಿರುವ ಜಾರ್ ಕಡತವು ಸಹಿಯ ಅಪ್ಲಿಕೇಶನ್ನಿನ ‘ವೆಬ್-ಇನ್ಫ್’ ಒಳಗಿನ ‘ಲಿಬ್’ ಫೋಲ್ಡರಿನಲ್ಲಿ ಎಲ್ಲರ ಕಣ್ಣಿಗೂ ಕಾಣುವಂತೆ ಕುಳಿತೇ ಇತ್ತು. ಕಾರಣವನ್ನು ಅರಸುವ ವ್ಯವಧಾನ ಯಾರಿಗೂ ಇರಲಿಲ್ಲವಾಗಿ, ಆಪರೇಟರು ಮಾನಿಟರಿನ ಅಂಚಿಗೆ ಒಂದು ಚೀಟಿಯನ್ನು ಅಂಟಿಸಿದ್ದರು: ‘ರಶೀದಿ ಬದಲಾಯಿಸಿದ ದಿನ ಟಾಮ್‌ಕ್ಯಾಟ್ ಒಮ್ಮೆ ಬಂದ್ ಮಾಡಿ ತೆಗೆಯತಕ್ಕದ್ದು.’ ಆ ಚೀಟಿಯ ವಿಧಿಯನ್ನು ಪಾಲಿಸಿದಾಗ ಎಲ್ಲವೂ ಸರಿಹೋಗುತ್ತಿತ್ತು. ಏಕೆ ಸರಿಹೋಗುತ್ತದೆಂದು ಯಾರೂ ಕೇಳಿರಲಿಲ್ಲ.

ಅದರ ಕಾರಣವನ್ನು ಸಾವಧಾನವಾಗಿ ನೋಡೋಣ. ಜಾವಾದಲ್ಲಿ ಒಂದು ಕ್ಲಾಸಿನ ಗುರುತು ಅದರ ಹೆಸರೊಂದರಿಂದಲೇ ನಿರ್ಣಯವಾಗುವುದಿಲ್ಲ. ಅದನ್ನು ಲೋಡ್ ಮಾಡಿದ ಕ್ಲಾಸ್‌ಲೋಡರ್ ಯಾವುದೆಂಬುದೂ ಕೂಡಿದಾಗಲೇ ಗುರುತು ಪೂರ್ಣವಾಗುತ್ತದೆ. ಒಂದೇ ಗ್ರಾಮದಲ್ಲಿ ಇಬ್ಬರು ರಾಮಣ್ಣಂದಿರಿದ್ದಾಗ ಪಹಣಿಯಲ್ಲಿ ‘ರಾಮಣ್ಣ ಬಿನ್ ತಿಮ್ಮಯ್ಯ’ ಎಂದೂ ‘ರಾಮಣ್ಣ ಬಿನ್ ಸಿದ್ದಯ್ಯ’ ಎಂದೂ ಬರೆಯುವರಲ್ಲವೇ? ಜೆವಿಎಂ ಕೂಡ ಹಾಗೆಯೇ ಪ್ರತಿಯೊಂದು ಕ್ಲಾಸನ್ನೂ ತಂದೆಯ ಹೆಸರಿನೊಡನೆಯೇ ನೆನಪಿಡುತ್ತದೆ. ತಿಮ್ಮಯ್ಯನ ಮಗನಿಗೆ ಬರೆದ ಪತ್ರವನ್ನು ಸಿದ್ದಯ್ಯನ ಮಗನಿಗೆ ಅದು ಎಂದೂ ಕೊಡದು. ಟಾಮ್‌ಕ್ಯಾಟಿನಲ್ಲಿ ಒಂದೊಂದು ಅಪ್ಲಿಕೇಶನ್ನಿಗೂ ಒಂದೊಂದು ಪ್ರತ್ಯೇಕ ಕ್ಲಾಸ್‌ಲೋಡರ್ ಇರುವುದರಿಂದ, ಎರಡು ಅಪ್ಲಿಕೇಶನ್ನುಗಳು ಒಂದೇ ಲೈಬ್ರರಿಯ ಪ್ರತಿಗಳನ್ನು ತಂದಾಗ ಅಲ್ಲಿ ಒಂದೇ ಹೆಸರಿನ ಎರಡು ವಂಶಗಳು ಏರ್ಪಡುತ್ತವೆ. ಇಷ್ಟರವರೆಗೆ ಬಾಧಕವಿಲ್ಲ, ಒಂದು ವಂಶದ ಸುದ್ದಿಗೆ ಇನ್ನೊಂದು ಹೋಗುವುದಿಲ್ಲ.

ಬಾಧಕವು ಹುಟ್ಟುವುದು ಭದ್ರತಾ ಪ್ರೊವೈಡರುಗಳ ಪಟ್ಟಿಯಲ್ಲಿ. ಆ ಪಟ್ಟಿಯನ್ನು ಕಾಯ್ದುಕೊಂಡಿರುವ ‘ಸೆಕ್ಯುರಿಟಿ’ ಎಂಬ ಕ್ಲಾಸ್ ಜಾವಾದ ಬುನಾದಿಗೇ ಸೇರಿದ್ದು. ಅದು ಎಲ್ಲ ಕ್ಲಾಸ್‌ಲೋಡರುಗಳಿಗೂ ಮೂಲವಾದ ಲೋಡರಿನಿಂದ ಬಂದದ್ದು. ಆದುದರಿಂದ ಒಂದು ಜೆವಿಎಂಗೆ ಪಟ್ಟಿಯೂ ಒಂದೇ. ಆ ಪಟ್ಟಿಯಲ್ಲಿ ಪ್ರೊವೈಡರಿಗೆ ಇರುವ ಗುರುತು ಬರಿಯ ಹೆಸರು. ಅಲ್ಲಿ ‘ಬಿನ್’ ಇಲ್ಲ. ಬೌನ್ಸಿ ಕ್ಯಾಸಲ್ ಎಂಬ ಪ್ರಖ್ಯಾತ ಲೈಬ್ರರಿಯ ಪ್ರೊವೈಡರಿಗೆ ಆ ಹೆಸರು ‘ಬಿ.ಸಿ.’ ಎಂಬ ಎರಡಕ್ಷರ. ಮೊದಲು ಏಳುವ ಅಪ್ಲಿಕೇಶನ್ ‘ಆ್ಯಡ್ ಪ್ರೊವೈಡರ್’ ಎಂದು ಕರೆದು ತನ್ನ ಪ್ರತಿಯನ್ನು ಪಟ್ಟಿಗೆ ಸೇರಿಸುತ್ತದೆ. ಎರಡನೆಯದು ಅದೇ ಕರೆಯನ್ನು ಮಾಡಿದಾಗ, ಆ ಹೆಸರಿನವನು ಈಗಾಗಲೇ ಪಟ್ಟಿಯಲ್ಲಿದ್ದಾನೆಂದು ಜಾವಾ ಮರುಮಾತಿಲ್ಲದೆ -1 ಎಂಬ ಬೆಲೆಯನ್ನು ಹಿಂದಿರುಗಿಸಿ ಸುಮ್ಮನಾಗುತ್ತದೆ. ಎಕ್ಸೆಪ್ಶನ್ ಇಲ್ಲ, ಲಾಗಿನಲ್ಲಿ ಸಾಲಿಲ್ಲ. ಆ -1 ಅನ್ನು ಓದಿ ನೋಡುವ ಕೋಡನ್ನು ನಾನು ನನ್ನ ವೃತ್ತಿಜೀವನದಲ್ಲಿ ಕಂಡದ್ದು ಅತ್ಯಂತ ವಿರಳ. ಹೀಗೆ ಎರಡನೆಯ ಅಪ್ಲಿಕೇಶನ್ ತನ್ನ ಲೈಬ್ರರಿಯನ್ನು ತಾನು ಬಳಸುತ್ತಿರುವೆನೆಂದು ಭಾವಿಸಿಕೊಂಡು, ಹೆಸರು ಹಿಡಿದು ಕರೆದಾಗಲೆಲ್ಲ ನೆರೆಮನೆಯ ಲೈಬ್ರರಿಯಿಂದ ಸೇವೆ ಪಡೆಯುತ್ತಿರುತ್ತದೆ.

ಅಲ್ಲಿಂದ ಮುಂದೆ ಎರಡು ದಾರಿಗಳುಂಟು. ಪಡೆದ ವಸ್ತುವನ್ನು ಜಾವಾದ ಸಾಮಾನ್ಯ ಇಂಟರ್‌ಫೇಸಿನ ಮೂಲಕವೇ ಬಳಸಿದರೆ ಯಾರಿಗೂ ಏನೂ ತಿಳಿಯದು. ಅದನ್ನು ಬೌನ್ಸಿ ಕ್ಯಾಸಲಿನ ಸ್ವಂತ ಕ್ಲಾಸಿಗೆ ಕ್ಯಾಸ್ಟ್ ಮಾಡಿದರೆ, ಇಂಥ ಕ್ಲಾಸನ್ನು ಇಂಥದೇ ಕ್ಲಾಸಿಗೆ ಕ್ಯಾಸ್ಟ್ ಮಾಡಲಾಗದೆಂದು, ಎರಡು ಕಡೆಯಲ್ಲಿಯೂ ಅಕ್ಷರವೂ ವ್ಯತ್ಯಾಸವಿಲ್ಲದ ಹೆಸರನ್ನು ಮುದ್ರಿಸಿದ ಎಕ್ಸೆಪ್ಶನ್ ಎದುರಾಗುತ್ತದೆ. ಈಚಿನ ಜಾವಾ ಆವೃತ್ತಿಗಳು ಅದರ ಪಕ್ಕದಲ್ಲಿಯೇ ಯಾವ ಲೋಡರಿನದು ಯಾವುದೆಂದು ತಿಳಿಸುವಷ್ಟು ದಯಾಳುಗಳಾಗಿವೆ. ಹಳೆಯವು ಓದುಗನನ್ನು ಹುಚ್ಚನನ್ನಾಗಿಸುವಷ್ಟೇ ಹೇಳಿ ಮೌನ ತಾಳುತ್ತಿದ್ದುವು. ಇನ್ನು ಮೊದಲು ಎದ್ದ ಅಪ್ಲಿಕೇಶನ್ನನ್ನು, ಅಲ್ಲಿ ರಶೀದಿಯದನ್ನು, ತೆಗೆದುಹಾಕಿದಾಗ ಆಗುವುದೇ ನಾನು ಆ ಕಚೇರಿಯಲ್ಲಿ ಕಂಡದ್ದು. ಪಟ್ಟಿಯಲ್ಲಿ ಪ್ರೊವೈಡರ್ ಉಳಿದಿರುತ್ತದೆ. ಆದರೆ ಅದನ್ನು ಹೆತ್ತ ಕ್ಲಾಸ್‌ಲೋಡರನ್ನು ಟಾಮ್‌ಕ್ಯಾಟ್ ನಿಲ್ಲಿಸಿಬಿಟ್ಟಿರುತ್ತದೆ. ಈ ಲೈಬ್ರರಿಯು ತನ್ನ ಅಲ್ಗಾರಿದಮ್ಮುಗಳ ಕ್ಲಾಸುಗಳನ್ನು ಬೇಕಾದಾಗ ಒಂದೊಂದಾಗಿ ಲೋಡ್ ಮಾಡುವುದಾದ್ದರಿಂದ, ಹಿಂದೆ ಬಳಕೆಯಾದವು ನಡೆಯುತ್ತವೆ, ಹೊಸದಾಗಿ ಕೇಳಿದವು ನಿಂತ ಲೋಡರಿನ ಬಾಗಿಲು ತಟ್ಟಿ ಬರಿಗೈಯಲ್ಲಿ ಮರಳುತ್ತವೆ. ಇನ್ನೂ ವಿಚಿತ್ರವೆಂದರೆ, ಹೊಸದಾಗಿ ಡಿಪ್ಲಾಯ್ ಆದ ರಶೀದಿಯ ಅಪ್ಲಿಕೇಶನ್ ಕೂಡ ತನ್ನ ಹೊಸ ಪ್ರತಿಯನ್ನು ಪಟ್ಟಿಗೆ ಸೇರಿಸಲಾರದು. ತನ್ನದೇ ಹಿಂದಿನ ಅವತಾರವು ಬಿಟ್ಟುಹೋದ ಪ್ರೊವೈಡರನ್ನೇ ಅದೂ ಆಶ್ರಯಿಸಬೇಕಾಗುತ್ತದೆ. ಪಟ್ಟಿಯಲ್ಲಿ ಉಳಿದ ಪ್ರೊವೈಡರ್ ತನ್ನ ಲೋಡರನ್ನೂ, ಆ ಲೋಡರ್ ತಾನು ತಂದ ಸಮಸ್ತ ಕ್ಲಾಸುಗಳನ್ನೂ ಮೆಮೊರಿಯಲ್ಲಿ ಹಿಡಿದುಕೊಂಡಿರುವುದರಿಂದ, ಅಳಿಸಿದೆವೆಂದುಕೊಂಡ ಅಪ್ಲಿಕೇಶನ್ ಅಲ್ಲಿಂದ ಕದಲಿರುವುದೂ ಇಲ್ಲ.

ಇದು ಮೊದಲನೆಯ ತೊಡಕು. ಎರಡನೆಯದರ ಬೇರು ಜಾವಾದ ಆಚೆಗೆ, ಅಮೆರಿಕದ ಕಾನೂನಿನ ಇತಿಹಾಸದಲ್ಲಿದೆ. ಪ್ರಬಲವಾದ ಗೂಢಲಿಪಿಯ ರಫ್ತನ್ನು ಆ ದೇಶವು ನಿಯಂತ್ರಿಸುತ್ತಿದ್ದ ಕಾಲದಲ್ಲಿ ಜಾವಾದ ಗೂಢಲಿಪಿ ವಿಭಾಗವಾದ ಜೆಸಿಇ ಪ್ರತ್ಯೇಕ ಪೊಟ್ಟಣವಾಗಿತ್ತು. 2002ರಲ್ಲಿ ಬಂದ 1.4ನೆಯ ಆವೃತ್ತಿಯಿಂದ ಅದು ಜಾವಾದೊಳಗೇ ಸೇರಿತಾದರೂ, ಹೊರಗಿನವರ ಪ್ರೊವೈಡರುಗಳು ನಿಯುಕ್ತ ಪ್ರಾಧಿಕಾರದಿಂದ ಪಡೆದ ಸರ್ಟಿಫಿಕೇಟಿನಿಂದ ಸಹಿಯಾಗಿರಲೇಬೇಕೆಂಬ ನಿಬಂಧನೆ ಜೊತೆಗೇ ಬಂದಿತು. ಆಸ್ಟ್ರೇಲಿಯಾದಲ್ಲಿ ಹುಟ್ಟಿ 2000ದಲ್ಲಿ ಮೊದಲ ಬಾರಿಗೆ ಬಿಡುಗಡೆಯಾದ ಬೌನ್ಸಿ ಕ್ಯಾಸಲ್, ಅಮೆರಿಕದ ರಫ್ತು ನಿರ್ಬಂಧದ ವ್ಯಾಪ್ತಿಯಿಂದ ಹೊರಗಿದ್ದುದರಿಂದಲೇ ಲೋಕಪ್ರಿಯವಾಯಿತಾದರೂ, ಸಹಿಯ ನಿಬಂಧನೆಗೆ ಅದೂ ಒಳಪಟ್ಟಿತು. ಆ ಕಾಲದ ಇನ್ನೊಂದು ಅವಶೇಷವನ್ನು ನಿಮ್ಮಲ್ಲಿ ಹಿರಿಯರಾದವರು ಮರೆತಿರಲಾರರು: ಆಧಾರ್ ದೃಢೀಕರಣಕ್ಕೆ 256 ಬಿಟ್ಟುಗಳ ಎಇಎಸ್ ಕೀ ಬೇಕಾಗಿದ್ದರೆ, ಜಾವಾ ತಾನಾಗಿಯೇ ಒಪ್ಪುತ್ತಿದ್ದುದು 128 ಬಿಟ್ಟುಗಳನ್ನು ಮಾತ್ರ; ‘ಇಲ್ಲೀಗಲ್ ಕೀ ಸೈಜ್’ ಎಂಬ ಗದರಿಕೆಯನ್ನು ಕೇಳಿಸಿಕೊಂಡು, ಬೇರೆಯಾಗಿ ಪಾಲಿಸಿ ಕಡತಗಳನ್ನು ತಂದು ಪ್ರತಿ ಸರ್ವರಿನಲ್ಲಿಯೂ ಹಾಕಬೇಕಾಗಿತ್ತು. 2018ರ ಜನವರಿಯ 8ಯು161 ಆವೃತ್ತಿಯಿಂದ ಆ ಮಿತಿ ತಾನಾಗಿ ಸಡಿಲವಾಯಿತು. ಸಹಿಯ ಪರೀಕ್ಷೆ ಮಾತ್ರ ಒರಾಕಲ್ ಜೆಡಿಕೆಯಲ್ಲಿ ಉಳಿದುಕೊಂಡಿತು; ಓಪನ್ ಜೆಡಿಕೆಯಲ್ಲಿ ಅದು ಇಲ್ಲ.

ಈ ಒಂದು ವ್ಯತ್ಯಾಸದಿಂದ ಹುಟ್ಟುವ ಅನರ್ಥವನ್ನು ಗಮನಿಸಿರಿ. ನೀವು ಎಲ್ಲ ಲೈಬ್ರರಿಗಳನ್ನೂ ಬಿಚ್ಚಿ ಒಂದೇ ದೊಡ್ಡ ಜಾರಿನಲ್ಲಿ ಬೆರೆಸುತ್ತೀರಿ. ಬೌನ್ಸಿ ಕ್ಯಾಸಲಿನ ‘ಮೆಟಾ-ಇನ್ಫ್’ ಫೋಲ್ಡರಿನಲ್ಲಿದ್ದ ಸಹಿಯ ಕಡತಗಳೂ ಬೆರೆತುಬರುತ್ತವೆ. ಅವು ಹೊಸ ಜಾರಿನ ಮ್ಯಾನಿಫೆಸ್ಟಿಗೆ ಹೊಂದದೆ, ಸಹಿ ಕಡತದ ಡೈಜೆಸ್ಟ್ ಅಸಿಂಧುವೆಂದು ಜಾವಾ ಓಡಲು ನಿರಾಕರಿಸುತ್ತದೆ. ಆಗ ಎಲ್ಲೆಡೆಯೂ ದೊರೆಯುವ ಒಂದು ಸಲಹೆಯಂತೆ ‘ಎಸ್ಎಫ್’, ‘ಡಿಎಸ್ಎ’, ‘ಆರ್ಎಸ್ಎ’ ಎಂದು ಕೊನೆಯಾಗುವ ಕಡತಗಳನ್ನು ಬಿಲ್ಡಿನಿಂದ ಹೊರಹಾಕುತ್ತೀರಿ. ನಿಮ್ಮ ಲ್ಯಾಪ್‌ಟಾಪಿನಲ್ಲಿರುವುದು ಓಪನ್ ಜೆಡಿಕೆಯಾದುದರಿಂದ ಕಾರ್ಯ ಸುಸೂತ್ರವಾಗಿ ನಡೆಯುತ್ತದೆ. ಪ್ರೊಡಕ್ಷನ್ನಿನಲ್ಲಿ ಒರಾಕಲ್ ಜೆಡಿಕೆ ಇದ್ದಲ್ಲಿ, ‘ಬಿ.ಸಿ.’ ಪ್ರೊವೈಡರನ್ನು ಜೆಸಿಇ ದೃಢೀಕರಿಸಲಾರದೆಂಬ ಸೆಕ್ಯುರಿಟಿ ಎಕ್ಸೆಪ್ಶನ್ ಎದುರು ನಿಲ್ಲುತ್ತದೆ. ಅದರಲ್ಲಿಯೂ ಒಂದು ಸೂಕ್ಷ್ಮವುಂಟು. ಸಹಿಯ ಪರೀಕ್ಷೆ ನಡೆಯುವುದು ಸೈಫರ್, ಮ್ಯಾಕ್, ಕೀ ಅಗ್ರಿಮೆಂಟ್ ಮುಂತಾದವುಗಳಿರುವ ‘ಜಾವಾಎಕ್ಸ್ ಕ್ರಿಪ್ಟೋ’ ಪ್ಯಾಕೇಜಿನಲ್ಲಿ. ಮೆಸೇಜ್ ಡೈಜೆಸ್ಟ್, ಸಿಗ್ನೇಚರ್ ಮೊದಲಾದವುಗಳು ‘ಜಾವಾ ಸೆಕ್ಯುರಿಟಿ’ ಪ್ಯಾಕೇಜಿಗೆ ಸೇರಿ ಆ ಪರೀಕ್ಷೆಯಿಂದ ಹೊರಗುಳಿಯುತ್ತವೆ. ಹಾಗಾಗಿ ಲೈಬ್ರರಿ ಸರಿಯಾಗಿದೆಯೇ ಎಂದು ಪರಿಶೀಲಿಸಲು ನೀವು ಒಂದು ಹ್ಯಾಷನ್ನು ಲೆಕ್ಕಹಾಕಿಸಿ ನೋಡಿದರೆ ಅದು ಸರಿಯಾಗಿಯೇ ಬರುತ್ತದೆ. ಮೊದಲ ಬಾರಿಗೆ ಏನನ್ನಾದರೂ ಎನ್‌ಕ್ರಿಪ್ಟ್ ಮಾಡಹೊರಟಾಗ, ಅದು ಎಂಥ ಅಪವೇಳೆಯೇ ಆಗಿರಲಿ, ಆಗ ಬೀಳುತ್ತದೆ. ನಿಮ್ಮ ಪರೀಕ್ಷೆಯಲ್ಲಿ ಹ್ಯಾಷ್ ಸಾಲದು, ಸೈಫರೂ ಇರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಜಾರನ್ನು ಬಿಚ್ಚದೆಯೇ ಹಾಗೆಯೇ ಇಟ್ಟವರಿಗೂ ಪೂರ್ಣ ವಿನಾಯಿತಿ ಇಲ್ಲ. 2011ರಲ್ಲಿ ಬಂದ ಜೆಬಾಸ್ 7ರಲ್ಲಿ ಡಿಪ್ಲಾಯ್ ಆದ ಕಡತಗಳನ್ನೆಲ್ಲ ಆ ಸರ್ವರು ‘ವಿಎಫ್ಎಸ್’ ಎಂಬ ತನ್ನದೇ ಕಲ್ಪಿತ ಕಡತವ್ಯವಸ್ಥೆಯ ವಿಳಾಸಗಳಿಂದ ಕಾಣುತ್ತಿತ್ತು. ಒರಾಕಲಿನ ಸಹಿಪರೀಕ್ಷಕನಿಗೆ ಆ ವಿಳಾಸಗಳನ್ನು ಓದಲು ಬಾರದು. ಸಹಿ ಅಕ್ಷತವಾಗಿದ್ದರೂ ಅದನ್ನು ನೋಡಲಾರದೆ ಅವನು ದೃಢೀಕರಿಸೆನೆಂದನು. ಲೈಬ್ರರಿಯನ್ನು ಇಎಆರ್ ಒಳಗಿನಿಂದ ತೆಗೆದು, ಸರ್ವರಿನ ಮಾಡ್ಯೂಲಾಗಿ ಸ್ಥಾಪಿಸಿ, ‘ಜೆಬಾಸ್ ಡಿಪ್ಲಾಯ್‌ಮೆಂಟ್ ಸ್ಟ್ರಕ್ಚರ್’ ಎಂಬ ಎಕ್ಸ್ಎಂಎಲ್ ಕಡತದಲ್ಲಿ ಅದರ ಅವಲಂಬನೆಯನ್ನು ಘೋಷಿಸಿದಾಗ ತೊಡಕು ತೊಲಗಿತು. ವೆಬ್‌ಲಾಜಿಕ್ಕಿನಲ್ಲಿ ಕ್ಲಾಸನ್ನು ಹುಡುಕುವ ಸಹಜ ಕ್ರಮ ಮೇಲಿನಿಂದ ಕೆಳಕ್ಕೆ: ಸರ್ವರಿನ ಬಳಿ ಇರುವ ಪ್ರತಿಗೇ ಮೊದಲ ಮನ್ನಣೆ, ನಿಮ್ಮದು ಮುಂದಾಗಬೇಕಾದರೆ ಯಾವ ಪ್ಯಾಕೇಜುಗಳೆಂದು ಕಡತದಲ್ಲಿ ಬರೆದುಕೊಡಬೇಕು. ಟಾಮ್‌ಕ್ಯಾಟಿನಲ್ಲಿ ಕ್ರಮ ತಿರುವುಮುರುವು. ಜಾವಾದ ಮೂಲ ಕ್ಲಾಸುಗಳನ್ನು ಬಿಟ್ಟರೆ, ಅಪ್ಲಿಕೇಶನ್ನಿನ ಸ್ವಂತ ಪ್ರತಿಗೇ ಅಗ್ರಸ್ಥಾನ. ಒಂದು ಸರ್ವರಿನಲ್ಲಿ ಕಲಿತ ಉಪಾಯವನ್ನು ಇನ್ನೊಂದರ ಮೇಲೆ ಹೇರಿದಾಗ ಫಲ ವಿಪರೀತವಾಗುವುದರ ರಹಸ್ಯವಿಷ್ಟೇ.

ನಿಮ್ಮಲ್ಲಿ ಕೆಲವರು ಇಷ್ಟು ಹೊತ್ತಿಗೆ ಅಸಹನೆಯಿಂದ, ‘ಇವೆಲ್ಲ ಗತಕಾಲದ ಕಥೆಗಳು, ನಾವೀಗ ಒಂದು ಅಪ್ಲಿಕೇಶನ್ನಿಗೆ ಒಂದು ಜೆವಿಎಂ, ಒಂದು ಜೆವಿಎಂಗೆ ಒಂದು ಕಂಟೇನರ್ ಎಂಬ ಪದ್ಧತಿಯಲ್ಲಿ ಬಾಳುತ್ತಿದ್ದೇವೆ’ ಎಂದು ಹೇಳಬಹುದು. ಆ ಪದ್ಧತಿಯು ಮೊದಲನೆಯ ತೊಡಕನ್ನು ಬಹುಮಟ್ಟಿಗೆ ನಿವಾರಿಸಿದೆ. ಅದನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಆದರೆ ಎರಡನೆಯದನ್ನು ಅದು ಮುಟ್ಟಿಲ್ಲ. ಜಾರಿನೊಳಗೆ ಜಾರುಗಳನ್ನು ಹುದುಗಿಸುವ ಈಗಿನ ರೂಢಿಯು ಸಹಿಪರೀಕ್ಷೆಯ ದಾರಿಯನ್ನು ಇನ್ನಷ್ಟು ಸುತ್ತಿಸಿದೆ. ಸ್ಪ್ರಿಂಗ್ ಬೂಟಿನಲ್ಲಿ ‘ರಿಕ್ವೈರ್ಸ್ ಅನ್‌ಪ್ಯಾಕ್’ ಎಂಬ ಸೌಲಭ್ಯದಿಂದ ಬೇಕಾದ ಲೈಬ್ರರಿಯನ್ನು ಓಡುವಾಗ ಹೊರಕ್ಕೆ ಬಿಚ್ಚಿಸಬಹುದಾಗಿದೆ. ಇದಲ್ಲದೆ, ಒಂದೇ ಅಪ್ಲಿಕೇಶನ್ನಿನೊಳಗೆ ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ನುಸುಳುವುದನ್ನು ಯಾವ ಕಂಟೇನರೂ ತಡೆಯದು. ಐಟೆಕ್ಸ್ಟ್ 2.1.7 ಎಂಬ ಹಳೆಯ ಪಿಡಿಎಫ್ ಲೈಬ್ರರಿಯನ್ನು ಇಂದಿಗೂ ಹೊತ್ತುಕೊಂಡಿರುವ ಯೋಜನೆಗಳುಂಟು. ಅದು ತನ್ನ ಬೆನ್ನಿಗೆ ಬೌನ್ಸಿ ಕ್ಯಾಸಲಿನ 1.38ನೆಯ ಆವೃತ್ತಿಯನ್ನು ಕಟ್ಟಿಕೊಂಡೇ ಬರುತ್ತದೆ. ಬೌನ್ಸಿ ಕ್ಯಾಸಲಿನವರು ಜಾರಿನ ಹೆಸರಿನ ಕೊನೆಗೆ ಆಯಾ ಜೆಡಿಕೆಯ ಗುರುತನ್ನು ಸೇರಿಸುವ ಸಂಪ್ರದಾಯವಿಟ್ಟುಕೊಂಡಿರುವುದರಿಂದ ‘ಜೆಡಿಕೆ14’, ‘ಜೆಡಿಕೆ15ಆನ್’, ‘ಜೆಡಿಕೆ18ಆನ್’ ಎಂಬ ಮೂರು ಬಾಲಗಳ ಜಾರುಗಳನ್ನು ಮೇವೆನ್ ಮೂರು ಬೇರೆಬೇರೆ ಲೈಬ್ರರಿಗಳೆಂದೇ ತಿಳಿದು ಮೂರನ್ನೂ ಒಳಕ್ಕೆ ಬಿಡುತ್ತದೆ. ಅವುಗಳಲ್ಲಿ ಬೇರೆಬೇರೆ ಸರ್ಟಿಫಿಕೇಟಿನಿಂದ ಸಹಿಯಾದವು ಒಂದೇ ಪ್ಯಾಕೇಜಿನಲ್ಲಿ ಸಂಧಿಸಿದಾಗ, ಈ ಕ್ಲಾಸಿನ ಸಹಿದಾರನು ಅದೇ ಪ್ಯಾಕೇಜಿನ ಇತರ ಕ್ಲಾಸುಗಳ ಸಹಿದಾರನಿಗೆ ಹೊಂದುವುದಿಲ್ಲವೆಂಬ ಎಕ್ಸೆಪ್ಶನ್ ಬರುತ್ತದೆ.

ತೊಡಕುಗಳಿಗಿಂತ ಹೆಚ್ಚಾಗಿ ನನ್ನನ್ನು ಕಳವಳಗೊಳಿಸಿರುವುದು ಅವುಗಳ ಎದುರಿನಲ್ಲಿ ನಾವು ತಳೆಯುವ ನಿಲುವು. ಲಾಗಿನಲ್ಲಿ ಕಾಣುವ ಈ ಎಕ್ಸೆಪ್ಶನ್ನುಗಳು ಕಾವಲುಗಾರನ ಕೂಗು. ಅದನ್ನು ಅಡಗಿಸುವುದೇ ಪರಿಹಾರವೆಂದು ಬಗೆದವರ ಕೋಡನ್ನು ನಾನು ಕಣ್ಣಾರೆ ಓದಿದ್ದೇನೆ. ಒಂದೆಡೆ, ಎನ್‌ಕ್ರಿಪ್ಟ್ ಮಾಡುವ ಮೆಥಡ್ಡಿನ ಕೊನೆಯಲ್ಲಿ ಯಾವ ಎಕ್ಸೆಪ್ಶನ್ ಬಂದರೂ ಹಿಡಿದು, ಲಾಗಿಗೂ ತಿಳಿಸದೆ, ಬಂದ ಪಠ್ಯವನ್ನು ಬಂದಂತೆಯೇ ಹಿಂದಿರುಗಿಸುವ ಎರಡು ಸಾಲುಗಳಿದ್ದುವು. ಬರೆದವರ ಉದ್ದೇಶ ದುಷ್ಟವಾಗಿರಲಿಲ್ಲ. ಡೆಮೋ ದಿನ ಪ್ರೊವೈಡರ್ ಲೋಡ್ ಆಗದೆ ಹೋದಾಗ ಪರದೆ ಕೆಂಪಾಗಬಾರದೆಂಬ ಆತುರದಲ್ಲಿ ಬರೆದಂತಿತ್ತು. ಆ ಸಾಲುಗಳು ಪ್ರೊಡಕ್ಷನ್ನಿಗೂ ನಡೆದುಬಂದುವು. ಸರ್ವರು ಬದಲಾಗಿ, ಪ್ರೊವೈಡರ್ ಪುನಃ ಲೋಡ್ ಆಗದೆ ಹೋದಂದಿನಿಂದ, ಗೂಢವಾಗಿರಬೇಕಾಗಿದ್ದ ಮಾಹಿತಿಯು ಬಿಚ್ಚುಮಾತಿನಲ್ಲಿಯೇ ಡೇಟಾಬೇಸನ್ನು ಸೇರುತ್ತಿತ್ತು. ಎಲ್ಲಿಯೂ ತಪ್ಪು ಕಾಣಿಸಲಿಲ್ಲ, ಯಾರ ದೂರೂ ಬರಲಿಲ್ಲ. ಅದೇ ಅದರ ಭೀಕರತೆ. ಲೋಡ್ ಆಗದೆ ಗಲಾಟೆ ಮಾಡುವ ಲೈಬ್ರರಿಗಿಂತ, ಲೋಡ್ ಆಗದಿದ್ದರೂ ಗಲಾಟೆ ಮಾಡದಂತೆ ಬಾಯಿ ಕಟ್ಟಿಸಿಕೊಂಡ ಲೈಬ್ರರಿ ನೂರ್ಮಡಿ ಅಪಾಯಕರ.

ಇಷ್ಟು ನಿವೇದಿಸಿ, ನಿಮ್ಮಲ್ಲಿ ಕೆಲವು ಪ್ರಾರ್ಥನೆಗಳನ್ನು ಮುಂದಿಡುತ್ತೇನೆ.

ಮೊದಲನೆಯದಾಗಿ, ಈ ಲೈಬ್ರರಿ ನಿಮಗೆ ನಿಜವಾಗಿಯೂ ಬೇಕೇ ಎಂದು ಕೇಳಿಕೊಳ್ಳಿರಿ. ಕೇವಲ ಬೇಸ್64 ಪರಿವರ್ತನೆಗಾಗಿ ಇಡೀ ಬೌನ್ಸಿ ಕ್ಯಾಸಲನ್ನು ಹೊತ್ತ ಅಪ್ಲಿಕೇಶನ್ನುಗಳು ಇಂದಿಗೂ ಓಡುತ್ತಿವೆ. ಜಾವಾ 8ರಿಂದ ಆ ಪರಿವರ್ತನೆ ಜಾವಾದಲ್ಲಿಯೇ ಉಂಟು. ಎಇಎಸ್‌ನ ಜಿಸಿಎಂ ವಿಧಾನವೂ ಅದೇ ಆವೃತ್ತಿಯಲ್ಲಿ ದೊರೆಯುತ್ತದೆ. ಎಸ್ಎಚ್ಎ-3 ಜಾವಾ 9ರಲ್ಲಿ, ಚಾಚಾ20-ಪಾಲಿ1305 ಜಾವಾ 11ರಲ್ಲಿ, ಇಡಿಡಿಎಸ್ಎ ಜಾವಾ 15ರಲ್ಲಿ ಸೇರಿದುವು. ಬೇಡವಾದುದನ್ನು ತಾರದಿದ್ದರೆ ಅದನ್ನು ಲೋಡ್ ಮಾಡುವ ತೊಡಕೂ ಇಲ್ಲ.

ಎರಡನೆಯದಾಗಿ, ಬೇಕೆಂದಾದರೆ, ಅದು ಎಲ್ಲಿಂದ ಬರುತ್ತಿದೆಯೆಂಬುದನ್ನು ಊಹೆಗೆ ಬಿಡದೆ ನೋಡಿ ತಿಳಿಯಿರಿ. ಬಿಲ್ಡಿನ ಹಂತದಲ್ಲಿ ಮೇವೆನ್ನಿನ ಡಿಪೆಂಡೆನ್ಸಿ ಟ್ರೀಯನ್ನು ಮುದ್ರಿಸಿ, ಬೌನ್ಸಿ ಕ್ಯಾಸಲ್ ಎಷ್ಟು ಬಾಲಗಳಲ್ಲಿ ಒಳಹೊಕ್ಕಿದೆಯೆಂದು ಎಣಿಸಿರಿ; ಒಂದನ್ನುಳಿದು ಇತರವುಗಳನ್ನು ಹೊರಹಾಕಿ, ಪಿಡಿಎಫ್ ಮುಂತಾದ ಅವಲಂಬಿತರು ಉಳಿದ ಆವೃತ್ತಿಯೊಡನೆ ನಡೆಯುವರೇ ಎಂದು ಪರೀಕ್ಷಿಸಿರಿ. ಓಡುವ ಹಂತದಲ್ಲಿ, ಪ್ರೊವೈಡರಿನ ಕ್ಲಾಸನ್ನು ಹಿಡಿದು ಅದರ ಪ್ರೊಟೆಕ್ಷನ್ ಡೊಮೇನ್, ಅದರಿಂದ ಕೋಡ್ ಸೋರ್ಸ್, ಅದರಿಂದ ಲೊಕೇಶನ್ ಎಂದು ಕೇಳಿದರೆ, ಯಾವ ಫೋಲ್ಡರಿನ ಯಾವ ಜಾರಿನಿಂದ ಬಂದೆನೆಂದು ಅದೇ ಹೇಳುತ್ತದೆ. ಅಪ್ಲಿಕೇಶನ್ ಏಳುವಾಗ ಈ ಉತ್ತರವನ್ನು ಲಾಗಿನಲ್ಲಿ ಒಂದು ಸಾಲಾಗಿ ಬರೆಯಿಸಿರಿ. ಮುಂದೆ ಎಷ್ಟೋ ರಾತ್ರಿಗಳನ್ನು ಆ ಒಂದು ಸಾಲು ಉಳಿಸುತ್ತದೆ.

ಮೂರನೆಯದಾಗಿ, ಸ್ಥಾನವನ್ನು ನಿಶ್ಚಯಿಸಿರಿ. ಒಂದೇ ಸರ್ವರಿನಲ್ಲಿ ಹಲವು ಅಪ್ಲಿಕೇಶನ್ನುಗಳಿದ್ದು ಎಲ್ಲರಿಗೂ ಪ್ರೊವೈಡರ್ ಬೇಕಾಗಿದ್ದಲ್ಲಿ, ಅದನ್ನು ಸರ್ವರಿನ ಹಂಚಿಕೆಯ ಸ್ಥಾನದಲ್ಲಿ, ಎಂದರೆ ಟಾಮ್‌ಕ್ಯಾಟಿನ ‘ಲಿಬ್’ ಫೋಲ್ಡರಿನಲ್ಲಿ ಅಥವಾ ಜೆಬಾಸಿನ ಮಾಡ್ಯೂಲಿನಲ್ಲಿ, ಒಮ್ಮೆ ಮಾತ್ರ ಇರಿಸಿ, ಅಪ್ಲಿಕೇಶನ್ನುಗಳ ಪೊಟ್ಟಣದಿಂದ ‘ಪ್ರೊವೈಡೆಡ್’ ಸ್ಕೋಪಿನ ಮೂಲಕ ಹೊರಗಿಡಿರಿ. ಜಾವಾ 8ರವರೆಗೆ ಬಳಕೆಯಲ್ಲಿದ್ದ ‘ಲಿಬ್ ಎಕ್ಸ್ಟ್’ ಎಂಬ ಸ್ಥಾನವನ್ನು 2017ರ ಜಾವಾ 9 ತೆಗೆದುಹಾಕಿತೆಂಬುದನ್ನು, ಹಳೆಯ ಕೈಪಿಡಿಯನ್ನು ನಂಬಿ ಹೊರಟವರು ನೆನಪಿಡತಕ್ಕದ್ದು. ಹಂಚಿಕೆ ಬೇಡ, ಪ್ರತ್ಯೇಕವೇ ಇರಲಿ ಎಂದು ನೀವು ನಿಶ್ಚಯಿಸುವುದಾದರೆ, ಜಾಗತಿಕ ಪಟ್ಟಿಗೆ ಸೇರಿಸುವುದನ್ನೇ ಬಿಟ್ಟುಬಿಡಿರಿ. ಸೈಫರನ್ನೋ ಸಿಗ್ನೇಚರನ್ನೋ ಪಡೆಯುವಾಗ ‘ಬಿ.ಸಿ.’ ಎಂಬ ಹೆಸರಿಗೆ ಬದಲಾಗಿ ಪ್ರೊವೈಡರ್ ಆಬ್ಜೆಕ್ಟನ್ನೇ ಕೊಡಲು ಜಾವಾ ಅವಕಾಶವಿತ್ತಿದೆ. ಹಾಗೆ ಮಾಡಿದಾಗ ನಿಮಗೆ ದೊರೆಯುವುದು ನಿಮ್ಮದೇ ಪ್ರತಿ, ನೆರೆಯವನದಲ್ಲ. ಆ ಆಬ್ಜೆಕ್ಟನ್ನು ಒಮ್ಮೆ ಸೃಷ್ಟಿಸಿ ಸ್ಥಿರವಾಗಿ ಇಟ್ಟುಕೊಳ್ಳಿರಿ. ಕರೆಕರೆಗೂ ಹೊಸದನ್ನು ಸೃಷ್ಟಿಸಿದರೆ, ಒಂದೊಂದರ ಪರೀಕ್ಷಾಫಲವನ್ನೂ ನೆನಪಿಡುವ ಹಳೆಯ ಜೆಡಿಕೆಗಳಲ್ಲಿ ಮೆಮೊರಿ ತುಂಬುತ್ತ ಹೋಗುತ್ತದೆ.

ನಾಲ್ಕನೆಯದಾಗಿ, ಪಟ್ಟಿಗೆ ಸೇರಿಸಲೇಬೇಕಾಗಿ ಬಂದರೆ, ‘ಆ್ಯಡ್ ಪ್ರೊವೈಡರ್’ ಹಿಂದಿರುಗಿಸುವ ಬೆಲೆಯನ್ನು ಓದಿರಿ. -1 ಬಂದರೆ ಆಗಲೇ ಲಾಗಿನಲ್ಲಿ ಗಟ್ಟಿಯಾಗಿ ಸಾರಿರಿ. ನೀವು ಸೇರಿಸಿದ್ದಾದರೆ ಅಪ್ಲಿಕೇಶನ್ ಇಳಿಯುವಾಗ ನೀವೇ ತೆಗೆಯಿರಿ. ಇತರರು ಸೇರಿಸಿದ್ದನ್ನು ಮಾತ್ರ ಎಂದಿಗೂ ತೆಗೆಯದಿರಿ, ಏಕೆಂದರೆ ಹೆಸರು ಹಿಡಿದು ತೆಗೆಯುವ ಕರೆಯು ಅದು ಯಾರದೆಂದು ವಿಚಾರಿಸುವುದಿಲ್ಲ.

ಐದನೆಯದಾಗಿ, ಪ್ರೊಡಕ್ಷನ್ನಿನಲ್ಲಿ ಯಾವ ಜೆಡಿಕೆಯೋ, ಯಾವ ಸರ್ವರೋ, ಪರೀಕ್ಷೆಯೂ ಅದರ ಮೇಲೆಯೇ ನಡೆಯಲಿ. ಪರೀಕ್ಷೆಯಲ್ಲಿ ಒಮ್ಮೆಯಾದರೂ ನಿಜವಾದ ಎನ್‌ಕ್ರಿಪ್ಷನ್ ನಡೆಯಲಿ. ಸರ್ವರನ್ನು ನಿಲ್ಲಿಸದೆ ಅಪ್ಲಿಕೇಶನ್ನನ್ನು ಮರುಡಿಪ್ಲಾಯ್ ಮಾಡಿ ಪುನಃ ಅದೇ ಪರೀಕ್ಷೆ ನಡೆಯಲಿ. ಭದ್ರತಾ ಕಾರ್ಯ ವಿಫಲವಾದಲ್ಲಿ ಅಪ್ಲಿಕೇಶನ್ ನಿಲ್ಲಲಿ. ಯಾವ ಕಾರಣಕ್ಕೂ ಅದು ದುರ್ಬಲವಾದ ದಾರಿಗೆ ಇಳಿಯದಿರಲಿ.

ಕೊನೆಯದಾಗಿ, ಯಾವ ಪ್ರೊವೈಡರ್, ಯಾವ ಆವೃತ್ತಿ, ಎಲ್ಲಿ ಇರಿಸಿದೆ, ಏಕೆ ಅಲ್ಲಿ ಇರಿಸಿದೆ, ಬದಲಾಯಿಸುವವರು ಯಾರಿಗೆ ತಿಳಿಸಬೇಕು ಎಂಬಿಷ್ಟನ್ನು ಒಂದು ಪುಟದಲ್ಲಿ ಬರೆದು, ಕೋಡಿನ ಜೊತೆಯಲ್ಲಿಯೇ ಇಡಿರಿ. ನೀವು ಇನ್ನೊಂದು ಕಂಪನಿಗೆ ಹೋದ ಮೇಲೆ ನಿಮ್ಮ ಸ್ಥಾನಕ್ಕೆ ಬರುವವರಿಗೆ ನೀವು ಮಾಡಬಹುದಾದ ಉಪಕಾರಗಳಲ್ಲಿ ಇದಕ್ಕಿಂತ ಅಗ್ಗವಾದುದು ಬೇರೊಂದಿಲ್ಲ.

ಇವು ದೊಡ್ಡ ಮಾತುಗಳಲ್ಲವೆಂದು ನಾನು ಬಲ್ಲೆ. ಆದರೆ ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯು ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆಯನ್ನು ಕೊಟ್ಟಂದಿನಿಂದ, ಜನರ ಬದುಕಿನ ಎಷ್ಟೋ ಕಾಗದಗಳು ಯಾವುದೋ ಸರ್ವರಿನ ಸಿಗ್ನೇಚರ್ ಕ್ಲಾಸಿನ ಮೂಲಕ ಹಾದುಬರುತ್ತಿವೆ. ಆ ಕ್ಲಾಸ್ ಲೋಡ್ ಆಗದ ಮಧ್ಯಾಹ್ನ, ಕಿಟಕಿಯ ಈಚೆಗೆ ಸಾಲಿನಲ್ಲಿ ನಿಂತವರಿಗೆ ಕೇಳಿಸುವುದು ‘ಸರ್ವರ್ ಡೌನ್, ನಾಳೆ ಬನ್ನಿ’ ಎಂಬ ಮಾತೊಂದೇ. ಕೂಲಿ ಬಿಟ್ಟು ಬಂದವರಿಗೆ ಆ ನಾಳೆಯ ಬೆಲೆ ಎಷ್ಟೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ನೀವು ಬುದ್ಧಿವಂತರು, ಶ್ರಮಜೀವಿಗಳು. ನಮ್ಮ ಪೀಳಿಗೆಗಿಂತ ಹೆಚ್ಚಿನ ಸಾಧನಗಳನ್ನು ಕೈಯಲ್ಲಿ ಹಿಡಿದವರು. ಮುಂದಿನ ರಿಲೀಸಿನ ಪಟ್ಟಿಗೆ ಹೊಸ ಸೌಲಭ್ಯಗಳನ್ನು ಸೇರಿಸುವುದಕ್ಕೆ ಮುನ್ನ, ನಿಮ್ಮ ಅಪ್ಲಿಕೇಶನ್ನಿನ ‘ಲಿಬ್’ ಫೋಲ್ಡರನ್ನು ಒಮ್ಮೆ ತೆರೆದು, ಅಲ್ಲಿರುವ ಭದ್ರತಾ ಜಾರುಗಳು ಎಷ್ಟು, ಯಾವ ಆವೃತ್ತಿಯವು, ಯಾರ ನಿರ್ಣಯದಿಂದ ಅಲ್ಲಿಗೆ ಬಂದುವು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬೇಕೆಂದು ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಮೂರನೆಯ ಪ್ರಶ್ನೆಗೆ ಉತ್ತರ ದೊರೆಯದಿದ್ದಲ್ಲಿ, ಆ ನಿರ್ಣಯವನ್ನು ಇಂದು ನೀವೇ ಕೈಗೊಳ್ಳಿರಿ.

ಇತಿ,
ನಿಮ್ಮ ಶ್ರೇಯಸ್ಸನ್ನು ಬಯಸುವ,
ಒಬ್ಬ ಹಿರಿಯ ವೃತ್ತಿಬಂಧು